ನರತಂತ್ರಜ್ಞಾನ ಮತ್ತು ಪುನರ್ವಸತಿ ಸಂಶೋಧನೆ: ಪಿಟ್ಸ್‌ಬರ್ಗ್‌ನಲ್ಲಿ ಈ ಕೆಲಸದ ಹಿಂದಿರುವವರು ಯಾರು?

ನೀವು ಕೇಳಿರುವುದು ಇಷ್ಟು: ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿದ್ದೀರಿ, ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ನರತಂತ್ರಜ್ಞಾನ (ಮಿದುಳು, ನರಗಳನ್ನು ಯಂತ್ರಗಳಿಗೆ ಜೋಡಿಸುವ ವಿದ್ಯೆ) ಮತ್ತು ಪುನರ್ವಸತಿ ಸಂಶೋಧನೆಯ ತರಬೇತಿಗೆ ಅರ್ಜಿ ಹಾಕುವ ಯೋಚನೆಯಿದೆ, ಆದರೆ ಅಲ್ಲಿರುವವರು ವೈದ್ಯರೋ ಎಂಜಿನಿಯರುಗಳೋ, ನಿಮ್ಮಂಥವರಿಗೆ ಅಲ್ಲಿ ಜಾಗವಿದೆಯೋ ಇಲ್ಲವೋ ಎಂಬುದು ತಿಳಿಯುತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನಾನು ಅಲ್ಲಿ ಓದಿದವಳಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ ಫಿಸಿಯೋಥೆರಪಿ ಮಾಡಿಸುವುದು ಹನ್ನೆರಡು ವರ್ಷಗಳಿಂದ ನನ್ನ ವೃತ್ತಿ. ಆ ಗುಂಪಿನವರ ಪ್ರಬಂಧಗಳನ್ನು ನಾನು ಓದತೊಡಗಿದ್ದು ಮಿದುಳಿನ ಬಗೆಗಿನ ಕುತೂಹಲದಿಂದಲ್ಲ, ನನ್ನ ಬಳಿ ಬರುತ್ತಿದ್ದ ಒಬ್ಬರ ಭುಜನೋವಿನ ದೆಸೆಯಿಂದ.

ಅವರು ಮಲೆನಾಡಿನವರು. ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ಎರಡು ವರ್ಷ ಗಾಲಿಕುರ್ಚಿ ತಳ್ಳಿದ ಮೇಲೆ ಒಂದು ದಿನ ಬಂದು, "ಕಾಲು ಹೋಗಿದ್ದಕ್ಕೆ ಒಗ್ಗಿಕೊಂಡೆ ಮೇಡಂ, ಈ ತೋಳೂ ಹೋದರೆ ಹಾಸಿಗೆಯಿಂದ ಕುರ್ಚಿಗೆ ದಾಟಲಿಕ್ಕೂ ಇನ್ನೊಬ್ಬರನ್ನು ಕರೆಯಬೇಕು" ಎಂದರು. ಅವರು ಕುರ್ಚಿ ತಳ್ಳುವುದನ್ನು ಆವರೆಗೆ ನಾನು ಸರಿಯಾಗಿ ನೋಡಿರಲೇ ಇಲ್ಲ. ಚಕ್ರದ ಪಕ್ಕದ ಬಳೆಯನ್ನು ಗಕ್ಕನೆ ಹಿಡಿದು, ಒಂದು ಗೇಣಿನಷ್ಟು ನೂಕಿ, ಕೈಯನ್ನು ಮೇಲಕ್ಕೆತ್ತಿ ಹಿಂದಕ್ಕೆ ತರುತ್ತಿದ್ದರು. ನಿಮಿಷಕ್ಕೆ ಎಷ್ಟು ಸಲವೋ ಲೆಕ್ಕವಿಲ್ಲ. ಇದಕ್ಕೇನಾದರೂ ಪರಿಹಾರವಿದೆಯೇ ಎಂದು ಹುಡುಕುತ್ತಾ ಹೋದಾಗ, ಬೆನ್ನುಹುರಿ ಪೆಟ್ಟಿನವರ ತೋಳುಗಳನ್ನು ಕಾಪಾಡುವ ಕುರಿತು 2005ರಲ್ಲಿ ಪ್ರಕಟವಾದ ಮಾರ್ಗಸೂಚಿ ಸಿಕ್ಕಿತು. ಬಳೆಯನ್ನು ಉದ್ದಕ್ಕೆ, ನಿಧಾನವಾಗಿ, ಕಡಿಮೆ ಸಲ ತಳ್ಳಬೇಕು, ಬಿಟ್ಟ ಕೈ ಬಳೆಯ ಕೆಳಗಿನಿಂದ ತಾನಾಗಿ ಹಿಂದಕ್ಕೆ ಬರಬೇಕು, ಕುರ್ಚಿ ಹಿಂದಕ್ಕೆ ಮಗುಚದಷ್ಟರ ಮಟ್ಟಿಗೆ ಹಿಂಗಾಲಿಯ ಅಚ್ಚನ್ನು ಮುಂದಕ್ಕೆ ತರಬೇಕು ಎಂದು ಅದು ಹೇಳುತ್ತದೆ. ಅವರದು ದಾನವಾಗಿ ಬಂದ ಕುರ್ಚಿ, ಅಚ್ಚು ಸರಿಸಲು ಬರುತ್ತಿರಲಿಲ್ಲ. ತಳ್ಳುವ ರೀತಿಯನ್ನಷ್ಟೇ ಬದಲಾಯಿಸಿದೆವು. ನೋವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಆ ಮಾರ್ಗಸೂಚಿಯನ್ನು ರೂಪಿಸಿದ ಸಮಿತಿಯ ಅಧ್ಯಕ್ಷರು ಪಿಟ್ಸ್‌ಬರ್ಗ್‌ನ ಮೈಕೆಲ್ ಬೋನಿಂಗರ್. ಮೊದಲು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಆಮೇಲೆ ಪುನರ್ವಸತಿ ವೈದ್ಯರಾದವರು. ಪಿಟ್ಸ್‌ಬರ್ಗ್‌ನಲ್ಲಿ ಅವರ ಜೊತೆ ಸಂಶೋಧನೆ ಮಾಡಿದವರು ರೋರಿ ಕೂಪರ್. ಕೂಪರ್ 1980ರಲ್ಲಿ, ಅಮೆರಿಕದ ಸೈನ್ಯದಲ್ಲಿದ್ದಾಗ, ಜರ್ಮನಿಯಲ್ಲಿ ಸೈಕಲ್ ತುಳಿಯುತ್ತಿದ್ದಾಗ ನಡೆದ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡರು; ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್‌ವರೆಗೆ ಓದಿದರು; ನಡುವೆ 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದರು; 1994ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಿವೃತ್ತ ಸೈನಿಕರ ಇಲಾಖೆಯ ಜೊತೆಗೂಡಿ ಗಾಲಿಕುರ್ಚಿ ಸಂಶೋಧನೆಯ ಪ್ರಯೋಗಾಲಯವನ್ನು ಕಟ್ಟಿದರು. ಬಳೆಯ ಮೇಲೆ ಕೈ ಹಾಕುವ ಬಲವನ್ನು ಅಳೆಯುವ ಚಕ್ರವೊಂದನ್ನು ಅವರು ರೂಪಿಸಿದ್ದರಿಂದಲೇ ಮಣಿಕಟ್ಟು ಮತ್ತು ಭುಜಗಳ ಸವೆತದ ಬಗ್ಗೆ ಅಂದಾಜಿನ ಬದಲು ಅಂಕಿಗಳು ಸಿಕ್ಕವು. 2023ರಲ್ಲಿ ಅವರಿಗೆ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಬಂತು. ತಾನೇ ಕೂತು ತಳ್ಳುವ ವಸ್ತುವನ್ನು ತಾನೇ ಅಳೆಯುವ ಎಂಜಿನಿಯರ್ ಹೇಗಿರುತ್ತಾರೆ ಎಂಬುದಕ್ಕೆ ಇವರಿಗಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ.

ಇದೆಲ್ಲ ಗಾಲಿಕುರ್ಚಿಯ ಕಥೆಯಾಯಿತು, ತಾವು ಕೇಳಿದ್ದು ನರತಂತ್ರಜ್ಞಾನದ ಬಗ್ಗೆ ಎಂದು ನೀವು ಹೇಳಬಹುದು. ಆದರೆ ಇವೆರಡೂ ಅಲ್ಲಿ ಒಂದೇ ಮನೆಯ ಕಥೆ. 2012ರ ಡಿಸೆಂಬರ್‌ನಲ್ಲಿ, ಕತ್ತಿನ ಕೆಳಗೆ ಪಾರ್ಶ್ವವಾಯುವಾಗಿದ್ದ ಜಾನ್ ಶಾಯರ್‌ಮನ್ ಎಂಬ ಮಹಿಳೆ ಬರೀ ಮನಸ್ಸಿನಿಂದ ರೋಬಾಟ್ ತೋಳನ್ನು ನಡೆಸಿ ತಾನೇ ಚಾಕೊಲೇಟ್ ಕಚ್ಚಿ ತಿಂದ ಸುದ್ದಿಯನ್ನು ನೀವು ಓದಿರಬಹುದು. ಅವರ ಮಿದುಳಿನ ಚಲನೆಯ ಭಾಗದಲ್ಲಿ, ಅಲ್ಲಿನ ವಿದ್ಯುತ್ ಸಂಕೇತಗಳನ್ನು ಹಿಡಿಯುವ, ಉಗುರಿಗಿಂತ ಚಿಕ್ಕದಾದ ಎರಡು ವಿದ್ಯುದ್ವಾರ ಜಾಲಗಳನ್ನು ಕೂರಿಸಲಾಗಿತ್ತು. ಒಂದೊಂದರಲ್ಲೂ 96 ಬಿಂದುಗಳು. ಆ ಪ್ರಯೋಗದ ಕುರಿತ ಪ್ರಬಂಧದ ಮೊದಲ ಲೇಖಕಿ (ಸಾಮಾನ್ಯವಾಗಿ ಹೆಚ್ಚಿನ ಕೆಲಸ ಮಾಡಿದವರ ಹೆಸರು ಮೊದಲು ಬರುತ್ತದೆ) ಜೆನ್ನಿಫರ್ ಕಾಲಿಂಜರ್. ಅವರು ಡಾಕ್ಟರೇಟ್ ಪಡೆದದ್ದು ಇದೇ ವಿಶ್ವವಿದ್ಯಾಲಯದಲ್ಲಿ, ಅಧ್ಯಯನ ಮಾಡಿದ್ದು ಗಾಲಿಕುರ್ಚಿ ತಳ್ಳುವವರ ಭುಜವನ್ನು. ನನ್ನ ರೋಗಿಗಾಗಿ ಹುಡುಕುವಾಗ ಕಂಡ ಹೆಸರೇ ಅಲ್ಲೂ ಕಂಡಾಗ ನನಗೆ ಒಂದು ಕ್ಷಣ ಬೇರೆ ಯಾರೋ ಇರಬೇಕು ಎನಿಸಿತ್ತು.

ತಂಡದಲ್ಲಿ ಇನ್ನೂ ಅನೇಕರಿದ್ದರು. ಮಂಗಗಳು ಮಿದುಳಿನ ಸಂಕೇತದಿಂದಲೇ ಯಾಂತ್ರಿಕ ತೋಳನ್ನು ನಡೆಸಿ ತಿಂಡಿ ತಿನ್ನುವುದನ್ನು 2008ರಲ್ಲಿ ತೋರಿಸಿದ ಆಂಡ್ರ್ಯೂ ಶ್ವಾರ್ಟ್ಸ್, ಶಸ್ತ್ರಚಿಕಿತ್ಸೆ ಮಾಡಿದ ಎಲಿಜಬೆತ್ ಟೈಲರ್-ಕಬಾರಾ, ದಿನವೂ ತಂತಿ ಜೋಡಿಸಿ ದತ್ತಾಂಶ ನೋಡುವ ವಿದ್ಯಾರ್ಥಿಗಳು. ತೋಳನ್ನು ಕೊಟ್ಟದ್ದು ಅಮೆರಿಕದ ರಕ್ಷಣಾ ಸಂಶೋಧನೆಯ ಹಣ. ಹಣದ ಮೂಲವನ್ನು ಮರೆಯದೆ ಹೇಳುತ್ತಿದ್ದೇನೆ, ಏಕೆಂದರೆ ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಲ್ಲದಿದ್ದರೆ ಈ ಕ್ಷೇತ್ರಕ್ಕೆ ಇಷ್ಟು ಹಣ ಹರಿಯುತ್ತಿತ್ತೇ ಎಂಬ ಅನುಮಾನ ನನಗಿದೆ.

ನಿಮ್ಮಂಥವರ ಜಾಗ ಎಲ್ಲಿ ಎಂಬುದಕ್ಕೆ ಮುಂದಿನ ಪ್ರಯೋಗವೇ ಉತ್ತರ. 2004ರಲ್ಲಿ, 18ನೆಯ ವಯಸ್ಸಿನಲ್ಲಿ, ಕಾರು ಅಪಘಾತಕ್ಕೆ ಸಿಕ್ಕಿದ ನೇಥನ್ ಕೋಪ್‌ಲ್ಯಾಂಡ್ ಅವರಿಗೆ 2015ರಲ್ಲಿ ನಾಲ್ಕು ಜಾಲಗಳನ್ನು ಕೂರಿಸಿದರು. ಎರಡು ಚಲನೆಯ ಭಾಗದಲ್ಲಿ, ಎರಡು ಸ್ಪರ್ಶದ ಭಾಗದಲ್ಲಿ. ರೋಬಾಟ್‌ನ ಬೆರಳನ್ನು ಮುಟ್ಟಿದರೆ ಅವರಿಗೆ ತಮ್ಮ ಕೈಬೆರಳನ್ನೇ ಮುಟ್ಟಿದಂತೆ ಆಗುತ್ತಿತ್ತು; ಇದು 2016ರ ಪ್ರಬಂಧದಲ್ಲಿ ಬಂತು. ಸ್ಪರ್ಶ ಮರಳಿ ಬಂದಾಗ ವಸ್ತು ಹಿಡಿದು ಇನ್ನೊಂದೆಡೆ ಇಡುವ ಸಮಯ ಸುಮಾರು 21 ಸೆಕೆಂಡುಗಳಿಂದ 10ಕ್ಕೆ ಇಳಿಯಿತು ಎಂಬ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ರಾಬರ್ಟ್ ಗಾಂಟ್ ಮತ್ತು ಕಾಲಿಂಜರ್ ಅವರಂಥ ಹಿರಿಯರಿದ್ದರೂ, 2016ರ ಮತ್ತು 2021ರ ಎರಡೂ ಪ್ರಬಂಧಗಳಲ್ಲಿ ಮೊದಲ ಹೆಸರು ಶಾರ್ಲೀನ್ ಫ್ಲೆಶರ್ ಅವರದು. ಕೆಲಸ ಮಾಡುವಾಗ ಅವರು ಅಲ್ಲಿ ಡಾಕ್ಟರೇಟ್ ವಿದ್ಯಾರ್ಥಿನಿ. ಯಾವ ತರಬೇತಿಯಾದರೂ ಸರಿ, ಅದರ ಪ್ರಬಂಧಗಳಲ್ಲಿ ವಿದ್ಯಾರ್ಥಿಗಳ ಹೆಸರು ಎಲ್ಲಿ ಬರುತ್ತದೆ ಎಂಬುದನ್ನು ನೋಡಿ. ಪ್ರಾಧ್ಯಾಪಕರ ಭಾವಚಿತ್ರಗಳಿಗಿಂತ ಅದು ಹೆಚ್ಚು ಹೇಳುತ್ತದೆ.

ಕೋಪ್‌ಲ್ಯಾಂಡ್ ಮತ್ತು ಶಾಯರ್‌ಮನ್ ಅವರನ್ನು "ರೋಗಿಗಳು" ಎಂದು ಕರೆಯಲು ನನಗೆ ಮನಸ್ಸು ಬಾರದು. ಅವರಿಗೆ ಇದರಿಂದ ಚಿಕಿತ್ಸೆಯೇನೂ ಆಗಲಿಲ್ಲ. ತೋಳು ಪ್ರಯೋಗಾಲಯದಲ್ಲೇ ಉಳಿಯಿತು, ಶಾಯರ್‌ಮನ್ ಅವರ ತಲೆಯಲ್ಲಿದ್ದ ಜಾಲಗಳನ್ನು 2014ರಲ್ಲಿ ತೆಗೆಯಲಾಯಿತು. ತಿಳಿದೇ ತಲೆಬುರುಡೆ ತೆರೆಸಿಕೊಂಡು, ವರ್ಷಗಟ್ಟಲೆ ಪ್ರಯೋಗಾಲಯಕ್ಕೆ ಬಂದವರು ಅವರು. ಕೋಪ್‌ಲ್ಯಾಂಡ್ ಅಂತೂ "ಈಗ ಬೆರಳಲ್ಲಿ ಒತ್ತಿದಂತಾಯಿತು, ಈಗ ಜುಮ್ಮೆಂದಿತು" ಎಂದು ಸ್ಪರ್ಶವನ್ನು ಮಾತಿನಲ್ಲಿ ಹಿಡಿದುಕೊಟ್ಟರು. ಮಂಗ ಅದನ್ನು ಹೇಳಲಾರದು.

ಅರ್ಜಿಗೆ ಮುಂಚೆ ನಿಮ್ಮೂರಿನ ಯಾವುದಾದರೂ ಪುನರ್ವಸತಿ ವಿಭಾಗದಲ್ಲಿ ಒಂದು ತಿಂಗಳು ಅನುಮತಿ ಪಡೆದು ಕೂತು ನೋಡಿ. ಬೆಂಗಳೂರಿನವರಾಗಿದ್ದರೆ ನಿಮ್ಹಾನ್ಸ್‌ನಲ್ಲಿ ನರಪುನರ್ವಸತಿ ವಿಭಾಗವೇ ಇದೆ, ವಿಚಾರಿಸಬಹುದು. ಒಂದು ಗಾಲಿಕುರ್ಚಿಯಲ್ಲಿ ಕೂತು ಆಸ್ಪತ್ರೆಯ ಇಳಿಜಾರನ್ನು ನಿಮ್ಮ ಕೈಯಿಂದಲೇ ಹತ್ತಿ, ಎಷ್ಟನೆಯ ಸಲಕ್ಕೆ ಭುಜ ಉರಿಯಿತು ಎಂದು ಬರೆದಿಟ್ಟುಕೊಳ್ಳಿ. ಅರ್ಜಿಯ ಮೊದಲ ಪ್ಯಾರಾವನ್ನು ಅಲ್ಲಿಂದಲೇ ಆರಂಭಿಸಬಹುದು.