ಗೋಡೆಗೆ ಸಿಮೆಂಟ್ ಮೆತ್ತುವ ಮೊದಲು ಅಂಗಳ ನೋಡಿ

ಮಳೆಗಾಲ ಮುಗಿಯುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಒಂದೇ ಅಚ್ಚಿನವು. ಅಜ್ಜನ ಮನೆ ಪಾಲಿಗೆ ಬಂದಿದೆ, ಊರಿಗೆ ವಾಪಸಾಗುವ ಇಲ್ಲವೇ ಹೋಂಸ್ಟೇ ಮಾಡುವ ಆಸೆ, ಗೋಡೆ ಪಸೆ ಹಿಡಿದಿದೆ, ಕಂಟ್ರಾಕ್ಟರ್ ಹೀಗೆ ಹೇಳುತ್ತಿದ್ದಾರೆ, ಸರಿಯೇ? ಕೇಳಿದವರಲ್ಲಿ ಅರ್ಧದಷ್ಟು ಜನ ಈಗಾಗಲೇ ಅಡ್ವಾನ್ಸ್ ಕೊಟ್ಟು ಆಗಿರುತ್ತದೆ. ಆದರೂ ಇನ್ನೊಮ್ಮೆ ಬರೆಯುತ್ತೇನೆ.

ತೀರ್ಥಹಳ್ಳಿ ತಾಲ್ಲೂಕಿನ ಓದುಗರು: ಮುತ್ತಜ್ಜ ಕಟ್ಟಿಸಿದ ಹೆಂಚಿನ ಮನೆ. ಹೊರಗೋಡೆ ಜಂಬಿಟ್ಟಿಗೆ (ಕೆಂಪು ಮುರಕಲ್ಲು), ಒಳಗೋಡೆ ಮಣ್ಣಿನದು. ಸೊಂಟದೆತ್ತರಕ್ಕೆ ತೇವ ಇತ್ತು. ಮೂರು ವರ್ಷದ ಹಿಂದೆ ಜಗಲಿಯ ಗೋಡೆಗೆ ವಾಟರ್‌ಪ್ರೂಫ್ ಕೆಮಿಕಲ್ ಬೆರೆಸಿ ಸಿಮೆಂಟ್ ಸಾರಣೆ ಮಾಡಿಸಿದೆವು. ಈಗ ತೇವ ಅದರ ಮೇಲಕ್ಕೂ ಹತ್ತಿದೆ. ಇನ್ನೂ ಎತ್ತರಕ್ಕೆ ಸಾರಿಸಿ, ಕೆಳಗಿನ ನಾಲ್ಕಡಿಗೆ ಟೈಲ್ಸ್ ಹಾಕೋಣ ಎನ್ನುತ್ತಾರೆ. ಮಾಡಿಸಬಹುದೇ?

ಬೇಡ. ಮೂರು ವರ್ಷದ ಹಿಂದೆಯೂ ಬೇಡವಾಗಿತ್ತು.

ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ನೆಲದ ನೀರು ಗೋಡೆಯಲ್ಲಿ ಏರುತ್ತದೆ. ಹಳೆಯ ಮನೆಗಳಲ್ಲಿ ಅದನ್ನು ತಡೆಯಲು ತಳಪಾಯದ ಮೇಲೆ ಡಿಪಿಸಿ ಎಂಬ ನೀರು ಬಿಡದ ಪದರದ ಪಟ್ಟಿ ಇರುವುದಿಲ್ಲ. ಏರಿದ ನೀರು ಗೋಡೆಯ ಮೈಯಿಂದಲೇ ಆರಿಹೋಗಲಿ ಎಂದು ಮಣ್ಣಿನ ಸಾರಣೆಯನ್ನೋ ಸುಣ್ಣದ ಗಾರೆಯನ್ನೋ ಮಾಡಿ, ಮೇಲೆ ವರ್ಷವರ್ಷ ಸುಣ್ಣ ಬಳಿಯುತ್ತಿದ್ದರು. ಏರುವ ನೀರಿಗೂ ಆರುವ ನೀರಿಗೂ ಸರಿಹೊಂದುವ ಮಟ್ಟ ಸಾಮಾನ್ಯವಾಗಿ ಮೂರು ನಾಲ್ಕು ಅಡಿ. ನೀವು ಆ ಆರುವ ಮೈಯನ್ನೇ ಸಿಮೆಂಟಿನಿಂದ ಮುಚ್ಚಿದಿರಿ. ನೀರಿಗೆ ಹೊರಬೀಳಲು ಜಾಗ ಬೇಕಲ್ಲ, ಮೇಲೆ ಹೋಯಿತು. ಟೈಲ್ಸ್ ಹಾಕಿಸಿ, ಇನ್ನೂ ಮೇಲೆ ಹೋಗುತ್ತದೆ. ಗೋಡೆಯೊಳಗೆ ಕೂತಿರುವ ತೊಲೆಯ ತುದಿಗೆ ಮುಟ್ಟಿದ ದಿನ ನಿಮ್ಮ ಖರ್ಚಿನ ಲೆಕ್ಕವೇ ಬದಲಾಗುತ್ತದೆ.

ನಂಬಿಕೆ ಬಾರದಿದ್ದರೆ ಜಗಲಿಯ ಹೊಸ ಸಾರಣೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದ ಕಡೆ ಒಂದು ಚಕ್ಕೆ ಎಬ್ಬಿಸಿ. ಹಿಂದೆ ಬಿಳಿ ಉಪ್ಪು ನವಿರಾದ ಎಳೆಗಳಾಗಿ ಬೆಳೆದಿರುತ್ತದೆ, ಅದರ ಹಿಂದಿನ ಮಣ್ಣು ಬೆರಳಿಗೆ ಉದುರುತ್ತದೆ. ಮಣ್ಣಿನ ಗೋಡೆ ಒಣಗಿದ್ದಷ್ಟು ದಿನ ಮಾತ್ರ ಭಾರ ಹೊರುತ್ತದೆ.

ಈಗ ಅಂಗಳಕ್ಕೆ ಬನ್ನಿ. ಗೋಡೆಯ ಸುತ್ತ ಇಂಟರ್‌ಲಾಕ್ ಹಾಕಿಸಿದ್ದೀರಾ? ಹೂವಿನ ಗಿಡಕ್ಕೆಂದು ಗೋಡೆಗೊರಗಿಸಿ ಮಣ್ಣು ಏರಿಸಿದ್ದೀರಾ? ಸೂರಿನ ನೀರು ಬಿದ್ದಲ್ಲೇ ಇಂಗುತ್ತಿದೆಯಾ? ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರಾದರೂ ಹಿಂಬಾಲಿಸಿ ನೋಡಿದ್ದೀರಾ? ನಾನು ನೋಡಿದ ಮಲೆನಾಡಿನ ಮನೆಗಳಲ್ಲಿ ಹೆಚ್ಚಿನವಕ್ಕೆ ಕಾಯಿಲೆ ಇದ್ದದ್ದು ಅಂಗಳದಲ್ಲಿ. ಪ್ರತಿ ರಿಪೇರಿಗೂ ಒಂದೊಂದು ಪದರ ಏರಿಸಿ, ಅಂಗಳ ಒಳನೆಲದ ಮಟ್ಟಕ್ಕೇ ಬಂದಿರುತ್ತದೆ. ಅದು ಒಳನೆಲಕ್ಕಿಂತ ಕನಿಷ್ಠ ಅರ್ಧ ಅಡಿಯಾದರೂ ತಗ್ಗಿರಬೇಕು, ಇಳಿಜಾರು ಗೋಡೆಯಿಂದ ಆಚೆಗಿರಬೇಕು, ಸೂರಿನ ನೀರು ಅದರಂಚಿಗೆ ಕಟ್ಟಿದ ದೋಣಿಗೋ ಕೆಳಗಿನ ಚರಂಡಿಗೋ ಬಿದ್ದು ದೂರ ಹೋಗಬೇಕು. ತಗ್ಗಿಸುವ ಭರದಲ್ಲಿ ತಳಪಾಯದ ಬುಡ ಬಿಡಿಸಬೇಡಿ. ಇಷ್ಟು ಮಾಡಿ ಒಂದು ಮಳೆಗಾಲ ಕಾಯಿರಿ. ಕಾಯುವುದಕ್ಕೆ ಕಂಟ್ರಾಕ್ಟರ್ ಒಪ್ಪುವುದಿಲ್ಲ, ಅವರಿಗೆ ಅದರಲ್ಲಿ ಬಿಲ್ ಇಲ್ಲ.

ತೇವ ನೆಲದ್ದೋ ಗಾಳಿಯದ್ದೋ ಎಂಬ ಅನುಮಾನವಿದ್ದರೆ ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಿ. ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯದ್ದು, ಕಿಟಕಿ ತೆರೆಯಿರಿ.

ಆಮೇಲೆ ಗೋಡೆ. ಡಿಸೆಂಬರ್ ಕಳೆದ ಮೇಲೆ ಸಿಮೆಂಟ್ ಸಾರಣೆಯನ್ನು ಉಳಿ ಸುತ್ತಿಗೆಯಲ್ಲಿ ನಿಧಾನಕ್ಕೆ ಎಬ್ಬಿಸಿ, ಬ್ರೇಕರ್ ಮೆಷಿನ್ ಹತ್ತಿರ ತರಬೇಡಿ. ಉಪ್ಪನ್ನು ಒಣ ಬ್ರಷ್‌ನಲ್ಲಿ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಬೇಸಿಗೆಯ ಬಿಸಿಲು ಗಾಳಿಗೆ ಗೋಡೆ ಬರಿಮೈಯಲ್ಲಿ ಆರಲಿ. ಜಂಬಿಟ್ಟಿಗೆಗೆ ಒಂದು ಪಾಲು ಕೊಳೆಸಿದ ಸುಣ್ಣ, ಮೂರು ಪಾಲು ಉಪ್ಪಿಲ್ಲದ ಮರಳು. ಸುಣ್ಣ ಅರಳಿಸಿ ಕನಿಷ್ಠ ಎರಡು ವಾರ ನೀರಿನಡಿ ಇಟ್ಟಿರಬೇಕು. ಒಂದೊಂದು ಪದರ ಅರ್ಧ ಇಂಚು ಮೀರಬಾರದು, ವಾರದಷ್ಟು ಕಾಲ ಬಿಸಿಲು ಬಡಿಯದ ಹಾಗೆ ಗೋಣಿತಟ್ಟು ಕಟ್ಟಿ ನೀರು ಚಿಮುಕಿಸಬೇಕು. ಮಣ್ಣಿನ ಗೋಡೆಗೆ ಹುಲ್ಲು ಕತ್ತರಿಸಿ ಕಲಸಿದ ಮಣ್ಣಿನ ಸಾರಣೆಯೇ ಸಾಕು. ಎರಡಕ್ಕೂ ಮೇಲೆ ಸುಣ್ಣ. ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಇಷ್ಟೂ ಕೆಲಸ ನೀರಿನಲ್ಲಿ ಹೋಮ. “ಗಟ್ಟಿ ಬರಲಿ” ಎಂದು ಮೇಸ್ತ್ರಿ ಒಂದು ಬಾಂಡ್ಲಿ ಸಿಮೆಂಟ್ ಸೇರಿಸಲು ಹೊರಟರೆ ಬಾಂಡ್ಲಿ ಕಸಿದುಕೊಳ್ಳಿ.

ಬೆಲ್ಲ, ಅಳಲೆಕಾಯಿಯ ನೀರು ಬೆರೆಸುವ ಪದ್ಧತಿ ನಮ್ಮಲ್ಲಿ ಇದೆ, ಕೈಪಳಗಿದವರು ಮಾಡಿದರೆ ಒಳ್ಳೆಯದೇ. ಯೂಟ್ಯೂಬ್ ನೋಡಿ ಕೊಡಗಟ್ಟಲೆ ಬೆಲ್ಲ ಸುರಿದರೆ ಇರುವೆಗಳಿಗೆ ಹಬ್ಬ. ಇನ್ನು ಗೋಡೆಗೆ ತೂತು ಕೊರೆದು ದ್ರವ ಚುಚ್ಚಿ ಹತ್ತು ವರ್ಷ ಗ್ಯಾರಂಟಿ ಕೊಡುವವರು. ಸಮನಾಗಿ ಕಟ್ಟಿದ ಇಟ್ಟಿಗೆ ಗೋಡೆಯಲ್ಲಿ, ಸರಿಯಾಗಿ ಮಾಡಿದರೆ, ಅದು ಕೆಲಸ ಮಾಡಬಹುದು. ಮಣ್ಣಿನ ಗೋಡೆಯಲ್ಲಿ ಆ ದ್ರವ ತನಗೆ ಬೇಕಾದ ಸಂದಿಗೆ ಹೋಗಿ ಕೂರುತ್ತದೆ. ಗ್ಯಾರಂಟಿ ಕಾರ್ಡ್ ಮಾತ್ರ ಒಣಗಿಯೇ ಇರುತ್ತದೆ.

ಒಂದು ಮಾತು ಮುಚ್ಚಿಡುವುದಿಲ್ಲ: ಸುಣ್ಣ ತೇವವನ್ನು ನಿಲ್ಲಿಸುವುದಿಲ್ಲ, ಆರಲು ಬಿಡುತ್ತದೆ, ಅಷ್ಟೇ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ, ನಿಮ್ಮ ಮನೆ ಅದೇ ಸೀಮೆಯಲ್ಲಿದೆ. ಆಷಾಢದಲ್ಲಿ ಗೋಡೆ ಮುಟ್ಟಿದರೆ ತಣ್ಣಗಿರುತ್ತದೆ. ಬೆಂಗಳೂರಿನ ಫ್ಲ್ಯಾಟಿನ ಗೋಡೆ ಬೇಕಿದ್ದರೆ ಫ್ಲ್ಯಾಟೇ ಕೊಳ್ಳಿ.

ಸಾಗರ: ಪ್ರತಿ ವರ್ಷ ಹೆಂಚು ಕೈಯಾಡಿಸಿ ಸಾಕಾಗಿದೆ. ಅದೇ ಮಣ್ಣಿನ ಗೋಡೆಯ ಮೇಲೆ ಆರ್‌ಸಿಸಿ ಹಾಕಬಹುದೇ?

ಹಾಕಬಾರದು. ಐದು ಇಂಚಿನ ಆರ್‌ಸಿಸಿ ಚದರ ಮೀಟರಿಗೆ ಸುಮಾರು 310 ಕಿಲೋ ತೂಗುತ್ತದೆ. ಮಂಗಳೂರು ಹೆಂಚು, ಅದು ಕೂರುವ ರೀಪು ಪಟ್ಟಿ ಸಮೇತ, 65ರ ಆಸುಪಾಸು. ಗೋಡೆ ಕಟ್ಟಿದ್ದು ಎರಡನೆಯದಕ್ಕೆ. “ನಾಲ್ಕು ಮೂಲೆಗೆ ಪಿಲ್ಲರ್ ಕೊಡೋಣ” ಎನ್ನುವವರ ಬಳಿ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಹಾಕಿದ ಡ್ರಾಯಿಂಗ್ ಕೇಳಿ. ಮಾತು ಅಲ್ಲಿಗೇ ನಿಲ್ಲುತ್ತದೆ.

ಕಾರ್ಕಳ: ಹಳೆಯ ಹೆಂಚನ್ನೆಲ್ಲ ಮಾರಿ ಹೊಸದು ಹಾಕಿಸಲೇ?

ಸ್ವಿಟ್ಜರ್ಲೆಂಡ್ ಮೂಲದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಆ ಕಾಲದ ಮುದ್ರೆಯ ಹೆಂಚು ಇವತ್ತಿಗೂ ಮಾಡಿನ ಮೇಲೆ ಕೂತಿರುವುದನ್ನು ನೋಡಿದ್ದೇನೆ. ತಟ್ಟಿದರೆ ಕಣಕಣ ಎನ್ನುವುದನ್ನು ಪಾಚಿ ತೊಳೆದು ಮತ್ತೆ ಹಾಕಿ, ಮೊದ್ದು ಸದ್ದಿನದ್ದನ್ನು ಬಿಸಾಡಿ. ದುಡ್ಡನ್ನು ರೀಪಿಗೆ, ಅದನ್ನು ಹೊರುವ ಪಕಾಸಿಗೆ ಇಡಿ.

ಶಿರಸಿ: ರೆಡ್ ಆಕ್ಸೈಡ್ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್?

ನೆಲದಿಂದ ಆರುತ್ತಿದ್ದ ಪಸೆಯೂ ಗೋಡೆಯ ದಾರಿ ಹಿಡಿಯುತ್ತದೆ. ತೀರ್ಥಹಳ್ಳಿಯವರಿಗೆ ಕೊಟ್ಟ ಉತ್ತರ ಓದಿ.

ಹೊಸನಗರ: ಗೆದ್ದಲಿಗೆ ಸುಟ್ಟ ಎಂಜಿನ್ ಆಯಿಲ್ ಬಳಿಯಬೇಕಂತೆ. ಮನೆ ಆರು ವರ್ಷದಿಂದ ಬೀಗ ಹಾಕಿದೆ.

ಬೀಗವೇ ಗೆದ್ದಲಿಗೆ ಆಹ್ವಾನ. ಜನ ಇದ್ದಾಗ ಬಚ್ಚಲ ಒಲೆಯೂ ಅಡುಗೆ ಒಲೆಯೂ ಉರಿದು, ಹೊಗೆಗೆ ಅಟ್ಟ, ಪಕಾಸು ಒಣಗಿರುತ್ತಿತ್ತು. ಎಂಜಿನ್ ಆಯಿಲ್ ಮರದ ಮೈಮೇಲೆ ನಿಲ್ಲುತ್ತದೆ, ಗೆದ್ದಲು ಮಣ್ಣಿನೊಳಗಿಂದ ಬರುತ್ತದೆ. ಮನೆಗೆ ನಾತ, ಮೇಲಿಂದ ಬೆಂಕಿಯ ಭಯ. ಮೊದಲು ತೇವ ಕಡಿಮೆ ಮಾಡಿ, ಆಮೇಲೆ ಬುಡದ ಮಣ್ಣಿಗೆ ಔಷಧಿ ಹಾಕಲು ತಿಳಿದವರನ್ನು ಕರೆಸಿ. ಅಷ್ಟರೊಳಗೆ ತೊಲೆಗಳ ತುದಿಗೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಸಲೀಸಾಗಿ ಇಳಿದರೆ ಅದರಡಿ ಮಲಗಬೇಡಿ.

ಬೆಂಗಳೂರು: ವಾಸ್ತು ಪ್ರಕಾರ ಮುಂಬಾಗಿಲನ್ನು ಈಶಾನ್ಯಕ್ಕೆ ಸರಿಸಬೇಕಂತೆ.

ಭಾರ ಹೊರುವ ಗೋಡೆಯಲ್ಲಿ ಹೊಸ ಬಾಗಿಲು ಕೊರೆದರೆ ಗೋಡೆಯೇ ಈಶಾನ್ಯಕ್ಕೆ ಸರಿಯಬಹುದು.

ಹಲವರು: ಚದರಡಿಗೆ ರೇಟ್ ಎಷ್ಟು?

ಹಳೆಯ ಮನೆಗೆ ಚದರಡಿ ರೇಟ್ ಹೇಳುವವರು ಮನೆ ನೋಡಿಲ್ಲ. ಚಾವಣಿ, ನೀರು, ಮರ, ಗೋಡೆ ಎಂದು ಬೇರೆ ಬೇರೆ ಎಸ್ಟಿಮೇಟ್ ಬರೆಸಿ, ಕೆಲಸವನ್ನೂ ಅದೇ ಕ್ರಮದಲ್ಲಿ ಮಾಡಿಸಿ. ಮಾಡ್ಯುಲರ್ ಕಿಚನ್ನಿನ ಕ್ಯಾಟಲಾಗ್ ಸದ್ಯಕ್ಕೆ ಮುಚ್ಚಿಡಿ.