ಮನೆಯಲ್ಲಿ ಹೇನು ಹತ್ತಿದಾಗ ಹಾಸಿಗೆ-ದಿಂಬಿಗೆ ಏನು ಮಾಡಬೇಕು, ಎಷ್ಟು ಮಾಡಿದರೆ ಸಾಕು?

ನೀವು ಕೇಳಿರುವುದು ಇಷ್ಟು: ಮಂಡ್ಯದಲ್ಲಿ ಕೂಡುಕುಟುಂಬ, ಇಬ್ಬರು ಹೆಣ್ಣುಮಕ್ಕಳ ತಲೆತುಂಬ ಹೇನು, ಮಕ್ಕಳೆಲ್ಲ ಹಾಲ್‌ನಲ್ಲಿ ಸಾಲಾಗಿ ಮಲಗುತ್ತಾರೆ, ಹತ್ತಿ ಹಾಸಿಗೆ ಒಗೆಯೋಕಾಗಲ್ಲ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಿದರೂ ಹೇನು ಮತ್ತೆ ಬರುತ್ತಿದೆ, ಹಳೇ ದಿಂಬುಗಳನ್ನು ಸುಟ್ಟುಬಿಡಬೇಕಾ ಅಂತ.

ಸುಡಬೇಡಿ. ಹಾಸಿಗೆಯನ್ನೂ ಎಸೆಯಬೇಡಿ. ನಿಮ್ಮ ಮನೆಯಲ್ಲಿ ಹೇನು ಮರಳಿ ಬರುತ್ತಿರುವುದು ಹೆಚ್ಚುಕಮ್ಮಿ ಖಂಡಿತವಾಗಿ ಒಂದು ತಲೆಯಿಂದ ಇನ್ನೊಂದು ತಲೆಗೆ, ಇಲ್ಲವೇ ಅದೇ ತಲೆಯಲ್ಲಿ ಉಳಿದುಹೋದ ಸೀರಿನಿಂದ. ಹಾಸಿಗೆಗೆ ಮಾಡಬೇಕಾದ ಕೆಲಸ ಇದೆ, ಆದರೆ ಅದು ಅರ್ಧ ದಿನದ್ದು. ತಲೆಗೆ ಔಷಧ ಹಾಕುವ ದಿನವೇ ಅದನ್ನು ಮಾಡಬೇಕು. ಎಷ್ಟೋ ಮನೆಗಳಲ್ಲಿ ಭಾನುವಾರ ಬಟ್ಟೆ ಒಗೆದು, ಬುಧವಾರ ತಲೆಗೆ ಔಷಧ ಹಾಕುತ್ತಾರೆ. ಆಗ ಎರಡೂ ದಂಡ.

ತಲೆಹೇನು ತಿಗಣೆಯ ಹಾಗಲ್ಲ. ತಿಗಣೆ ಹಾಸಿಗೆಯ ಹೊಲಿಗೆಯಲ್ಲಿ, ಮಂಚದ ಸಂದಿಯಲ್ಲಿ ಅಡಗಿಕೊಂಡು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಹೇನಿಗೆ ಆ ತಾಕತ್ತಿಲ್ಲ. ಅದು ದಿನಕ್ಕೆ ಹಲವು ಸಲ ರಕ್ತ ಹೀರಲೇಬೇಕು. ತಲೆಯಿಂದ ಬಿದ್ದರೆ ಒಂದು ದಿನ, ಹೆಚ್ಚೆಂದರೆ ಎರಡು ದಿನದಲ್ಲಿ ಸಾಯುತ್ತದೆ. ಹಾರುವುದಿಲ್ಲ, ನೆಗೆಯುವುದಿಲ್ಲ. ಅದರ ಕಾಲಿನ ಕೊಕ್ಕೆಗಳು ಕೂದಲು ಹಿಡಿಯುವುದಕ್ಕೇ ಆಗಿರುವಂಥವು. ಸೀರನ್ನು ಅದು ಬುರುಡೆಯಿಂದ ಸುಮಾರು 6 ಮಿಲಿಮೀಟರ್ ಒಳಗೆ ಕೂದಲಿಗೆ ಅಂಟಿಸಿ ಇಡುತ್ತದೆ, ಯಾಕೆಂದರೆ ಮರಿಯಾಗಲು ಚರ್ಮದ ಶಾಖ ಬೇಕು. ಕೂದಲು ಉದುರಿ ದಿಂಬಿನ ಮೇಲೆ ಬಿದ್ದ ಸೀರು ಸಾಮಾನ್ಯವಾಗಿ ಒಡೆಯುವುದೇ ಇಲ್ಲ. ಒಡೆದರೂ ಆ ಮರಿಗೆ ಬೇಗನೆ ರಕ್ತ ಸಿಗದಿದ್ದರೆ ಬದುಕುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಹೇನಿದ್ದವರ ದಿಂಬಿನ ಕವರ್‌ಗಳನ್ನೇ ತಪಾಸಣೆ ಮಾಡಿ ನೋಡಿದ್ದಾರೆ. ಜೀವಂತ ಹೇನು ಸಿಕ್ಕಿದ್ದು ತೀರಾ ಕೆಲವೇ ಕವರ್‌ಗಳಲ್ಲಿ. ಅಪಾಯ ಇಲ್ಲವೇ ಇಲ್ಲ ಅಂತಲ್ಲ, ಚಿಕ್ಕದು.

ಹಾಗಾಗಿ ಲೆಕ್ಕ ಸುಲಭ. ಔಷಧ ಹಾಕುವ ದಿನಕ್ಕೆ ಹಿಂದಿನ ಎರಡು ದಿನಗಳಲ್ಲಿ ಹೇನಿರುವವರ ತಲೆ ತಗುಲಿದ ಬಟ್ಟೆ ಮಾತ್ರ ನಿಮ್ಮ ಕೆಲಸ. ದಿಂಬಿನ ಕವರ್, ಬೆಡ್‌ಶೀಟ್, ಹೊದೆಯುವ ದುಪ್ಪಟಿ, ತಲೆ ಒರೆಸಿದ ಟವೆಲ್, ರಿಬ್ಬನ್, ಹೇರ್‌ಬ್ಯಾಂಡ್, ಸ್ಕಾರ್ಫ್, ಬಾಚಣಿಗೆ. ಅಜ್ಜಿ ಚೌರಿ ಹಾಕಿ ಜಡೆ ಹೆಣೆದುಕೊಳ್ಳುತ್ತಿದ್ದರೆ ಅದೂ ಸೇರಲಿ, ಅದನ್ನು ಎಲ್ಲರೂ ಮರೆಯುತ್ತಾರೆ. ಬೀರುವಿನಲ್ಲಿ ಮಡಿಸಿಟ್ಟ ಬಟ್ಟೆ, ಅಟ್ಟದ ಮೇಲಿನ ಹಾಸಿಗೆ, ಕರ್ಟನ್ ಇವನ್ನೆಲ್ಲ ಮುಟ್ಟಬೇಕಾಗಿಲ್ಲ.

ಕೊಲ್ಲುವುದು ಸೋಪಲ್ಲ, ಶಾಖ. ನೀರು ಕನಿಷ್ಠ 55 ಡಿಗ್ರಿ ಸೆಲ್ಸಿಯಸ್ ಇರಬೇಕು, 60 ಇದ್ದರೆ ನಿಶ್ಚಿಂತೆ. ತಣ್ಣೀರಲ್ಲಿ ಸರ್ಫ್ ಹಾಕಿ ನೆನೆಸಿ ಒಗೆದರೆ ಹೇನು ಸತ್ತೇಬಿಡುತ್ತದೆ ಎನ್ನುವ ಭರವಸೆ ಇಲ್ಲ. ಅದು ಉಸಿರಾಟದ ರಂಧ್ರ ಮುಚ್ಚಿಕೊಂಡು ನೀರೊಳಗೆ ಗಂಟೆಗಟ್ಟಲೆ ಇರಬಲ್ಲದು. ಆದ್ದರಿಂದ ನಾಲೆಗೋ ಕೆರೆಗೋ ಒಯ್ದು ಕಲ್ಲಿಗೆ ಬಡಿದು ಒಗೆದರೆ ಬಟ್ಟೆ ಚೊಕ್ಕಟವಾಗುತ್ತದೆಯೇ ಹೊರತು ಇದಕ್ಕೆ ಸಾಲದು. ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ನೊರೆ ಬರಲ್ಲ ಅಂತ ಬೇಸರ ಬೇಡ, ಈ ಕೆಲಸಕ್ಕೆ ನೊರೆ ಲೆಕ್ಕಕ್ಕೇ ಇಲ್ಲ.

ವಾಷಿಂಗ್ ಮೆಷಿನ್ ಇಲ್ಲದ ಮನೆಗೆ ಅಳತೆ ಹೀಗೆ: 20 ಲೀಟರಿನ ಬಕೆಟ್‌ಗೆ ಮೊದಲು 5 ಲೀಟರ್ ನಲ್ಲಿ ನೀರು, ಅದರ ಮೇಲೆ ಚೆನ್ನಾಗಿ ಕುದಿಯುತ್ತಿರುವ 10 ಲೀಟರ್ ನೀರು. ಹೀಗೆ ಬೆರೆಸಿದರೆ 70 ಡಿಗ್ರಿಯ ಆಸುಪಾಸು ಬರುತ್ತದೆ, ಬಟ್ಟೆ ಹಾಕಿ ಹತ್ತು ನಿಮಿಷ ಕಳೆದರೂ 60ಕ್ಕೆ ಹತ್ತಿರವೇ ಇರುತ್ತದೆ. ತಣ್ಣೀರು ಮೊದಲು ಹಾಕುವುದು ಪ್ಲಾಸ್ಟಿಕ್ ಬಕೆಟ್ ಸೊಟ್ಟಗಾಗದಿರಲಿ ಅಂತ. ಒಂದು ಸಲಕ್ಕೆ ಒಂದು ಬೆಡ್‌ಶೀಟ್, ಎರಡು ದಿಂಬಿನ ಕವರ್, ಅದಕ್ಕಿಂತ ಹೆಚ್ಚು ತುರುಕಬೇಡಿ. ಕೆಲಸ ಕೆಡುವುದು ಇಲ್ಲೇ: ಬಟ್ಟೆಯೊಳಗೆ ಗಾಳಿ ಸೇರಿ ಬುಗ್ಗೆಯಾಗಿ ಮೇಲೆ ತೇಲುತ್ತದೆ, ತೇಲಿದ ಭಾಗಕ್ಕೆ ಶಾಖ ತಗುಲುವುದಿಲ್ಲ. ಕೋಲಿನಿಂದ ಒತ್ತಿ ಮುಳುಗಿಸಿ, ಬಕೆಟ್ ಬಾಯಿಗೆ ತಟ್ಟೆ ಮುಚ್ಚಿ, 10–15 ನಿಮಿಷ ಬಿಡಿ, ನಡುವೆ ಒಮ್ಮೆ ತಿರುವಿ. ಆಮೇಲೆ ಮಾಮೂಲಿನಂತೆ ಒಗೆಯಿರಿ. ಮಕ್ಕಳನ್ನು ಬಚ್ಚಲ ಹತ್ತಿರ ಬಿಡಬೇಡಿ, ಆ ನೀರು ಬಿದ್ದರೆ ಚರ್ಮ ಸುಲಿದು ಬರುತ್ತದೆ. ಬಣ್ಣ ಬಿಡುವ ಬಟ್ಟೆ ಬೇರೆ ಬಕೆಟ್‌ಗೆ.

ಮನೆ ಮೇಲೆ ಸೋಲಾರ್ ಇದ್ದರೆ ಬಿಸಿಲಿರುವ ದಿನ ಮಧ್ಯಾಹ್ನ ಮೂರರ ಹೊತ್ತಿನ ನೀರು ಹಿಡಿಯಿರಿ. ಪೈಪಿನಲ್ಲಿ ನಿಂತ ತಣ್ಣನೆಯ ನೀರನ್ನು ಮೊದಲು ಬೇರೆ ಬಕೆಟ್‌ಗೆ ಬಿಟ್ಟುಕೊಳ್ಳಿ. ಬೆರಳ ತುದಿ ಅದ್ದಿದ ತಕ್ಷಣ ಕಿತ್ತುಕೊಳ್ಳುವಷ್ಟು ಸುಡಬೇಕು, ಕೈ ಆರಾಮಾಗಿ ಇಡಬಹುದಾದರೆ ಅದು ಸಾಲದು. ಮಳೆಗಾಲದಲ್ಲಿ ಸೋಲಾರ್ ನಂಬಬೇಡಿ, ಒಲೆಯಲ್ಲೇ ಕಾಯಿಸಿ. ಮೆಷಿನ್ ಇದ್ದವರು ಮೊದಲು ಅದರಲ್ಲಿ ಹೀಟರ್ ಇದೆಯೇ ನೋಡಿಕೊಳ್ಳಿ. ಫ್ರಂಟ್ ಲೋಡ್‌ನಲ್ಲಿ 60 ಡಿಗ್ರಿಯ ಕಾಟನ್ ಪ್ರೋಗ್ರಾಮ್ ಸಾಮಾನ್ಯವಾಗಿ ಇರುತ್ತದೆ. ಟಾಪ್ ಲೋಡ್‌ಗಳು ಬಹಳಷ್ಟು ತಣ್ಣೀರಿನವೇ, ಅಂಥದಕ್ಕೆ ಹಾಕುವ ಮೊದಲು ಬಕೆಟ್ ಶಾಖ ಕೊಡಬೇಕು.

ನೀರೇ ಸಾಕಷ್ಟಿಲ್ಲ ಅನ್ನುವ ಮನೆಗೆ ಇಸ್ತ್ರಿ ಪೆಟ್ಟಿಗೆ ಒಳ್ಳೆಯ ಆಸರೆ. ಕಾಟನ್ ಶಾಖದಲ್ಲಿ ದಿಂಬಿನ ಕವರ್‌ನ ಎರಡೂ ಮಗ್ಗುಲು, ಮುಖ್ಯವಾಗಿ ಹೊಲಿಗೆಯ ಅಂಚು, ನಿಧಾನವಾಗಿ ಒತ್ತಿ.

ಒಗೆಯಲಾಗದ್ದರ ವಿಚಾರಕ್ಕೆ ಬರೋಣ. ಹತ್ತಿ ಹಾಸಿಗೆ, ಬೂರುಗದ ದಿಂಬು, ಕಂಬಳಿ, ಸ್ಪಂಜಿನ ಗೊಂಬೆ. ಇವಕ್ಕೆ ಬೇಕಾದದ್ದು ಕಾಲ ಮಾತ್ರ. ಹಾಸಿಗೆಯ ಮೇಲೆ ಉದುರಿದ ಕೂದಲನ್ನು ಅಗಲದ ಅಂಟುಟೇಪಿನಿಂದಲೋ ವ್ಯಾಕ್ಯೂಮ್‌ನಿಂದಲೋ ತೆಗೆದು, ಸುತ್ತಿ ಮೂಲೆಗಿಟ್ಟು, ಎರಡು ರಾತ್ರಿ ಚಾಪೆ-ಜಮಖಾನದ ಮೇಲೆ ಮಲಗಿಸಿ. ಅಷ್ಟರಲ್ಲಿ ಅದರಲ್ಲಿ ಬಿದ್ದಿರಬಹುದಾದ ಹೇನು ಸತ್ತಿರುತ್ತದೆ. ಬಿಸಿಲಿಗೆ ಹಾಕಿದರೆ ಒಳ್ಳೆಯದೇ, ಆದರೆ ಬಿಸಿಲು ಮೇಲಿನ ಮಗ್ಗುಲಿಗೆ ಮಾತ್ರ ತಟ್ಟುತ್ತದೆ, ಮಗುಚಿ ಹಾಕಬೇಕು. ಸಂಜೆ ಒಳಗೆ ತಂದು ಅದೇ ರಾತ್ರಿ ಮಲಗಿಸುವುದಕ್ಕಿಂತ ಎರಡು ದಿನ ಖಾಲಿ ಬಿಡುವುದೇ ನಂಬಿಕೆಯ ದಾರಿ. ಗೊಂಬೆ, ಕಂಬಳಿ, ಚೌರಿ, ರೇಷ್ಮೆಯಂಥವನ್ನು ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ 2 ವಾರ ಇಡಿ. ಹೇನಿಗೆ ಎರಡು ದಿನ ಸಾಕು, ಉಳಿದದ್ದು ಸೀರಿನ ಅವಧಿ ಕಳೆಯಲಿ ಅಂತ. ತೋಟದ ಮನೆಗಳಲ್ಲಿ ಖಾಲಿ ಗೊಬ್ಬರದ ಚೀಲ, ಔಷಧಿ ಚೀಲ ಕೈಗೆ ಸಿಗುತ್ತವೆ. ಮಕ್ಕಳು ಮುಖ ಇಡುವ ಬಟ್ಟೆಯನ್ನು ದಯವಿಟ್ಟು ಅವುಗಳಲ್ಲಿ ತುಂಬಬೇಡಿ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಸಾಲಾಗಿ ಮಲಗುವ ವಿಚಾರ. ಒಂದೇ ದಿಂಬಿಗೆ ಎರಡು ತಲೆ, ನಿದ್ದೆಯಲ್ಲಿ ಕೂದಲಿಗೆ ಕೂದಲು ತಾಗಿಕೊಂಡು ಏಳೆಂಟು ಗಂಟೆ. ಹೇನು ದಾಟುವುದಕ್ಕೆ ಇದಕ್ಕಿಂತ ಅನುಕೂಲ ಬೇರಿಲ್ಲ. ಹಾಸಿಗೆ ಎಷ್ಟು ಚೊಕ್ಕಟವಿದ್ದರೂ ಇದು ನಿಲ್ಲುವುದಿಲ್ಲ. ಮೂರು ವಾರ ಒಬ್ಬರ ತಲೆ ಗೋಡೆ ಕಡೆ, ಪಕ್ಕದವರ ತಲೆ ಬಾಗಿಲ ಕಡೆ ಬರುವ ಹಾಗೆ ಅದಲುಬದಲು ಮಲಗಿಸಿ. ಪ್ರತಿ ಮಗುವಿಗೂ ಬೇರೆ ದಿಂಬು. ಕವರ್‌ಗೆ ಬಣ್ಣದ ದಾರದಲ್ಲಿ ಒಂದು ಗುರುತು ಹಾಕಿದರೆ ಅದಲುಬದಲಾಗುವುದಿಲ್ಲ. ಮಲಗುವ ಮುಂಚೆ ಕೂದಲು ಬಿಗಿಯಾಗಿ ಜಡೆ ಹೆಣೆದು ಮಡಿಸಿ ಕಟ್ಟಿ. ರಜೆಗೆ ಬಂದ ಅಕ್ಕತಂಗಿಯರ ಮಕ್ಕಳೂ ಅದೇ ಸಾಲಿನಲ್ಲಿ ಮಲಗಿದ್ದರೆ ಅವರ ಮನೆಗೂ ಸಂಕೋಚಪಡದೆ ತಿಳಿಸಿ. ಹೇನು ಕೊಳಕಿನ ಗುರುತಲ್ಲ, ದಿನಾ ತಲೆಸ್ನಾನ ಮಾಡುವವರಿಗೂ ಹತ್ತುತ್ತದೆ.

ಈ ಮೂರು ವಾರ ಬಿಳಿ ಕವರ್ ಹಾಕಿಡುವುದು ಉಪಯೋಗಕ್ಕೆ ಬರುತ್ತದೆ. ಬೆಳಿಗ್ಗೆ ಬೆಳಕಿನಲ್ಲಿ ನೋಡಿದರೆ ಕರಿಮೆಣಸಿನ ಪುಡಿ ಉದುರಿದ ಹಾಗೆ ಸಣ್ಣ ಕಪ್ಪು ಚುಕ್ಕೆ ಕಾಣಬಹುದು, ಅದು ಹೇನಿನ ಹಿಕ್ಕೆ. ಅದು ಕಾಣುತ್ತಿದ್ದರೆ ಆ ತಲೆಯಲ್ಲಿ ಇನ್ನೂ ಹೇನಿದೆ. ಹಾಸಿಗೆಯ ಅಂಚಿನಲ್ಲಿ ರಕ್ತದ ಕಲೆ, ಕೈಕಾಲ ಮೇಲೆ ಕಚ್ಚಿದ ಗಂಟು ಇದ್ದರೆ ತಿಗಣೆ ಇರಬಹುದು, ಅದರ ದಾರಿ ಬೇರೆ.

ಮಾಡಬಾರದ್ದನ್ನೂ ಹೇಳಲೇಬೇಕು. ಹಾಸಿಗೆಗೆ ಜಿರಳೆ ಸ್ಪ್ರೇ, ತಿಗಣೆ ಪುಡಿ ಹೊಡೆಯಬೇಡಿ. ಎರಡು ದಿನದಲ್ಲಿ ತಾನೇ ಸಾಯುವ ಹೇನಿಗಾಗಿ ಮಕ್ಕಳು ರಾತ್ರಿಯಿಡೀ ವಿಷ ಉಸಿರಾಡುವುದು ಬೇಡ. ದಿಂಬಿನೊಳಗೆ ನುಸಿಗುಳಿಗೆ ಇಡಬೇಡಿ. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇರುವ ಮಕ್ಕಳಿಗೆ ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್‌ನಿಂದ ರಕ್ತಕಣಗಳು ಒಡೆದು ಕಾಮಾಲೆಯಾಗಬಹುದು, ಕೊರತೆ ಇದೆಯೆಂದು ಮೊದಲೇ ಗೊತ್ತಿರುವುದಿಲ್ಲ. ಸೀಮೆಎಣ್ಣೆ ಹಚ್ಚಿ ಮಲಗಿಸುವುದು ಇನ್ನೂ ಕೆಲವು ಕಡೆ ಇದೆ. ನೆತ್ತಿ ಸುಡುತ್ತದೆ, ದೀಪವೋ ಒಲೆಯೋ ಹತ್ತಿರವಿದ್ದರೆ ಪ್ರಾಣಕ್ಕೇ ಸಂಚಕಾರ. ಸೀತಾಫಲದ ಬೀಜ ಅರೆದು ಹಚ್ಚುವುದು ನಮ್ಮ ಹಳ್ಳಿಗಳ ಹಳೇ ಮದ್ದು, ಅದು ಹೇನು ಕೊಲ್ಲುವುದೂ ನಿಜ. ಆದರೆ ಹಚ್ಚಿಕೊಂಡು ಮಲಗಿದಾಗ ಪುಡಿ ದಿಂಬಿಗೆ ಉದುರಿ ಕಣ್ಣಿಗೆ ಹೋದರೆ ಕಣ್ಣಿನ ಕರಿಗುಡ್ಡೆಗೆ ಗಾಯವಾಗುತ್ತದೆ. ಹಚ್ಚಿದವರಿಗಷ್ಟೇ ಅಲ್ಲ, ಪಕ್ಕದಲ್ಲಿ ಮಲಗಿದ ಮಗುವಿಗೂ. ಹಾಗೇನಾದರೂ ಆದರೆ ಧಾರಾಳ ನೀರಿನಿಂದ ಕಣ್ಣು ತೊಳೆದು, ಕಾಯದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ತಲೆಯ ಕೆಲಸವನ್ನು ಹಾಸಿಗೆಯ ಕೆಲಸಕ್ಕೆ ಹೊಂದಿಸುವುದು ಹೀಗೆ. ಮೊದಲ ದಿನ ಮನೆಯಲ್ಲಿ ಎಲ್ಲರ ತಲೆಯನ್ನೂ ನೋಡಿ, ಗಂಡಸರನ್ನೂ ಅಜ್ಜಿಯನ್ನೂ ಬಿಡದೆ. ಜೀವಂತ ಹೇನು ಕಂಡವರಿಗೆಲ್ಲ ಅದೇ ದಿನ ಔಷಧ. ಪರ್ಮೆಥ್ರಿನ್ 1% ಲೋಷನ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಕಜ್ಜಿಗೆ ಕೊಡುವ 5% ಕ್ರೀಮ್ ಬೇರೆ, ಬದಲಾಯಿಸಬೇಡಿ. ಎಣ್ಣೆ, ಕಂಡೀಷನರ್ ಇಲ್ಲದೆ ತೊಳೆದ ತಲೆಯನ್ನು ಟವೆಲ್‌ನಿಂದ ಒರೆಸಿ, ಒದ್ದೆ ಆರುವ ಮುಂಚೆ ಬುಡದಿಂದ ತುದಿವರೆಗೆ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಿರಿ. ಒಂದೆರಡು ದಿನ ಮತ್ತೆ ಶಾಂಪೂ ಹಾಕಬೇಡಿ. ಎರಡು ತಿಂಗಳೊಳಗಿನ ಕೂಸಿಗೆ ಹಚ್ಚಬಾರದು. ಗರ್ಭಿಣಿಯರು, ಹಾಲೂಡಿಸುವವರು ಡಾಕ್ಟರನ್ನು ಕೇಳಿ. ತಲೆ ಒರೆಸಿದ ಟವೆಲ್ ನೇರ ಬಿಸಿನೀರಿಗೆ, ಆ ರಾತ್ರಿ ಒಗೆದ ಕವರ್, ಒಗೆದ ಬೆಡ್‌ಶೀಟ್.

ಔಷಧ ಎಲ್ಲ ಸೀರನ್ನೂ ಕೊಲ್ಲುವುದಿಲ್ಲ. ಉಳಿದವು 7ರಿಂದ 10 ದಿನದಲ್ಲಿ ಒಡೆಯುತ್ತವೆ, ಆ ಮರಿಗಳು ಬೆಳೆದು ಮೊಟ್ಟೆಯಿಡಲು ಇನ್ನೂ 9–12 ದಿನ ಬೇಕು. ಆ ನಡುವೆಯೇ, 9ನೇ ದಿನ, ಎರಡನೇ ಸಲ ಹಚ್ಚಬೇಕು. ಅಂದು ಮತ್ತೊಮ್ಮೆ ಕವರ್, ಬೆಡ್‌ಶೀಟ್, ಟವೆಲ್, ಬಾಚಣಿಗೆ ಬಿಸಿನೀರಿಗೆ. ನಡುವಿನ ದಿನಗಳಲ್ಲಿ ಎರಡು-ಮೂರು ದಿನಕ್ಕೊಮ್ಮೆ ದಿಂಬಿನ ಕವರ್ ಬದಲಿಸಿದರೆ ಸಾಕು, ದಿನಾ ಒಗೆಯುವುದು ಬೇಡ. ಆ ಶ್ರಮವನ್ನು ಸೀರಣಿಗೆಗೆ ಕೊಡಿ. ಒದ್ದೆ ಕೂದಲಿಗೆ ಕಂಡೀಷನರ್ ಹಚ್ಚಿ (ಔಷಧ ಹಾಕುವ ದಿನ ಮತ್ತು ಅದರ ಮಾರನೇ ದಿನ ಬಿಟ್ಟು), ಸಣ್ಣ ಸಣ್ಣ ಎಳೆ ಬಿಡಿಸಿ, ಬುಡದಿಂದ ಬಾಚಿ, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಿ. ಮೂರು-ನಾಲ್ಕು ದಿನಕ್ಕೊಮ್ಮೆ, ಕನಿಷ್ಠ ಎರಡು ವಾರ. ಲೋಹದ ಹಲ್ಲಿನದು ಒಳ್ಳೆಯದು. ಪ್ಲಾಸ್ಟಿಕ್ಕಿನದು ಬಾಗುತ್ತದೆ, ಮರದ್ದು ಹಳತಾದರೆ ಹಲ್ಲಿನ ಸಂದಿ ಅಗಲವಾಗಿ ಸೀರು ನುಸುಳಿಕೊಳ್ಳುತ್ತದೆ. ಮಂಡ್ಯದ ಪೇಟೆ ಬೀದಿಯಲ್ಲೋ ಮೈಸೂರಿನ ದೇವರಾಜ ಮಾರುಕಟ್ಟೆ ಸುತ್ತಲಿನ ಅಂಗಡಿಗಳಲ್ಲೋ ಕೊಳ್ಳುವಾಗ ಬೆಳಕಿಗೆ ಹಿಡಿದು ಹಲ್ಲುಗಳು ಒತ್ತೊತ್ತಾಗಿ ನೇರವಾಗಿವೆಯೇ ನೋಡಿ. ಬಾಚಿದ ಮೇಲೆ ಅದನ್ನೂ 55–60 ಡಿಗ್ರಿ ನೀರಿನಲ್ಲಿ 10 ನಿಮಿಷ ಮುಳುಗಿಸಿಡಿ.

ಬುಡದಿಂದ ಒಂದು ಸೆಂಟಿಮೀಟರಿಗಿಂತ ದೂರದಲ್ಲಿ ಬೆಳ್ಳಗೆ ಅಂಟಿಕೊಂಡಿರುವುದು ಬಹುತೇಕ ಖಾಲಿ ಸಿಪ್ಪೆ, ಅದಕ್ಕಾಗಿ ಮತ್ತೆ ಔಷಧ ಹಾಕಬೇಡಿ. ಎರಡನೇ ಸಲ ಹಚ್ಚಿದ ಮೇಲೂ ಓಡಾಡುವ ಹೇನು ಕಂಡರೆ ಅದೇ ಔಷಧವನ್ನು ಮೂರನೇ ಸಲ ಸುರಿಯುವ ಬದಲು, ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿ. ಬೇರೆ ಔಷಧಗಳಿವೆ, ಮಗುವಿನ ವಯಸ್ಸು-ತೂಕ ನೋಡಿ ಅವರು ಬರೆದುಕೊಡುತ್ತಾರೆ. ನೆತ್ತಿಯಲ್ಲಿ ಕೀವು, ಕತ್ತಿನ ಹಿಂದೆ ಗಂಟು, ಜ್ವರ ಇದ್ದರೆ 9ನೇ ದಿನದವರೆಗೂ ಕಾಯದೆ ಈಗಲೇ ಹೋಗಿ.