110 ಕಿಲೋದಿಂದ 80ಕ್ಕೆ ಇಳಿಯಲು ಎಷ್ಟು ಸಮಯ ಬೇಕು?

ಮದುವೆಗೆ ಮೂರೇ ತಿಂಗಳಿದೆ, ಅಷ್ಟರಲ್ಲಿ 30 ಕಿಲೋ ಇಳಿಸಬಹುದಾ ಅಂತ ಮುಂಬೈ ಹತ್ತಿರದ ಡೊಂಬಿವಲಿಯಿಂದ ಕೇಳಿದ್ದೀರಿ. ಆಗುವುದಿಲ್ಲ. ಒಂದು ವರ್ಷ ಅಂತ ಇಟ್ಟುಕೊಳ್ಳಿ, ಸ್ವಲ್ಪ ಜಾಸ್ತಿಯೇ ಆಗಬಹುದು.

ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿಸುವುದು ಸುರಕ್ಷಿತ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ದಿನಕ್ಕೆ 500 ಕ್ಯಾಲರಿ ಕಡಿಮೆ ಮಾಡಿದರೆ ವಾರಕ್ಕೆ ಹತ್ತಿರ ಹತ್ತಿರ ಅರ್ಧ ಕಿಲೋ. ಸ್ಟೇಷನ್ ಹೊರಗೆ ಸಿಗುವ ಒಂದು ವಡಾಪಾವ್ ಅಂದರೆ ಸುಮಾರು 300. ಸಂಜೆ ಲೋಕಲ್ ಇಳಿದವರು ಅದನ್ನೂ ಸಕ್ಕರೆ ಚಹಾವನ್ನೂ ಬಿಟ್ಟರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಅಲ್ಲೇ ಮುಗಿಯಿತು. (ಮಳೆಗಾಲದಲ್ಲಿ ಬಿಡುವುದು ಕಷ್ಟ, ಗೊತ್ತು.)

ಮೊದಲ ವಾರ ಎರಡು ಮೂರು ಕಿಲೋ ಇಳಿದರೆ ಹಿಗ್ಗಬೇಡಿ. ಅದರಲ್ಲಿ ಬಹುಪಾಲು ನೀರು. ಆಮೇಲೆ ವೇಗ ತಗ್ಗುತ್ತದೆ, ಕೆಲವು ವಾರ ಕಾಟಾ ಅಲ್ಲಾಡುವುದೇ ಇಲ್ಲ. ತೂಕ ಇಳಿದಂತೆ ದೇಹಕ್ಕೆ ಬೇಕಾದ ಕ್ಯಾಲರಿಯೂ ಕಡಿಮೆಯಾಗುತ್ತದೆ, ಅಲ್ವಾ? ಆಗ ಅನ್ನ ಇನ್ನೊಂದು ಸೌಟು ಕಡಿಮೆ ಮಾಡಿ, ಬೇಳೆ, ಮೊಟ್ಟೆ, ಮೀನು ಜಾಸ್ತಿ ಮಾಡಿ. ವಾರಕ್ಕೆ ಎರಡು ಸಲ ಭಾರ ಎತ್ತಿ, ಇಲ್ಲದಿದ್ದರೆ ಮಾಂಸಖಂಡವೂ ಕರಗುತ್ತದೆ.

ಸುಮ್ನೆ ಉಪವಾಸ ಬಿದ್ದು ಬೇಗ ಬೇಗ ತೂಕ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಹೆಚ್ಚು. ಶುಗರ್, ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ, ಡೋಸ್ ಬದಲಿಸಬೇಕಾಗಬಹುದು. ಮದುವೆ ಹೊತ್ತಿಗೆ ಎಂಟು ಹತ್ತು ಕಿಲೋ ಇಳಿಸಲು ಸಾಧ್ಯ. ಶುಗರ್, ಬಿಪಿ ಸುಧಾರಿಸಲು ಅಷ್ಟು ಇಳಿದರೂ ಸಾಕಷ್ಟು ಪ್ರಯೋಜನವಿದೆ.